ಹಗೇವು ಮುಚ್ಚಿದ ಮೇಲೆ

ಕಾರ್ತಿಕಮಾಸದ ಎಳೆಬಿಸಿಲಿನಲ್ಲಿ ಹಾವೇರಿಯಿಂದ ರಾಣೆಬೆನ್ನೂರಿನ ಮೇಲೆ ಹಾಯ್ದು ದಾವಣಗೆರೆಯ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು, ದಾರಿಯ ಮಗ್ಗುಲಲ್ಲಿ ಹರವಿದ ಹೊಂಬಣ್ಣದ ಕಾಳು. ರಸ್ತೆಯ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಟ್ಟು ವಾಹನಗಳು ಉಳಿದ ಪಾಲಿನಲ್ಲಿ ಸರಿದುಹೋಗುತ್ತವೆ. ಹೆಂಗಸರು ಬರಿಗಾಲಿನಿಂದ ಕಾಳಿನ ನಡುವೆ ಸಾಲು ಎಳೆಯುತ್ತ ಅದನ್ನು ಮಗುಚುತ್ತಾರೆ. ಸಂಜೆಯಾಯಿತೆಂದರೆ ಮೇಲೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಮನೆಯವನೊಬ್ಬ ಅಲ್ಲಿಯೇ ಕಂಬಳಿ ಹೊದ್ದು ಮಲಗುತ್ತಾನೆ. ಆ ಸೀಮೆಯಲ್ಲಿ ಇದನ್ನು ಗೋವಿನಜೋಳವೆನ್ನುತ್ತಾರೆ. ಹಳೆಯ ಮೈಸೂರಿನವರಿಗೆ ಇದು ಮುಸುಕಿನಜೋಳ. ಪತ್ರಿಕೆಗಳ ಭಾಷೆಯಲ್ಲಿ ಮೆಕ್ಕೆಜೋಳ. ಹೆಸರು ಮೂರಾದರೂ ಬೆಳೆದವನ ಆತಂಕ ಒಂದೇ: ಕಾಳು ಒಣಗುವುದರೊಳಗೆ ಬೆಲೆ ಇಳಿಯದಿರಲಿ.

2025ರ ಸುಗ್ಗಿಯಲ್ಲಿ ಆ ಆತಂಕವು ನಿಜವಾಯಿತು. ಕೇಂದ್ರ ಸರಕಾರವು ಮೆಕ್ಕೆಜೋಳಕ್ಕೆ ಆ ವರ್ಷ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯಲ್ಲಿ ರೈತನ ಕೈಗೆ ಬಂದುದು 1,600ರಿಂದ 1,800 ರೂಪಾಯಿ. ಗದಗ, ಹಾವೇರಿ ಜಿಲ್ಲೆಗಳಲ್ಲಿ ರೈತರು ಧರಣಿ ಕುಳಿತರು; ರಾಜ್ಯದ ಮುಖ್ಯಮಂತ್ರಿಗಳು ಪ್ರಧಾನಿಯವರಿಗೆ ಪತ್ರ ಬರೆದರು. ಇಷ್ಟೇ ಆಗಿದ್ದರೆ ಇದು ಹಳೆಯ ಕತೆಯೆಂದು ಸುಮ್ಮನಾಗಬಹುದಿತ್ತು. ‘ಬೆಳೆ ಇದ್ದಾಗ ಬೆಲೆಯಿಲ್ಲ, ಬೆಲೆ ಇದ್ದಾಗ ಬೆಳೆಯಿಲ್ಲ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆದರೆ ಈ ಸಲದ ಸಂಗತಿಯಲ್ಲಿ ಒಂದು ಹೊಸತನವಿದೆ. ಈ ಕಾಳಿಗೆ ಹಿಂದೆಂದೂ ಇಲ್ಲದ ದೊಡ್ಡ ಗಿರಾಕಿಯೊಬ್ಬ ಈಗ ಬಂದು ನಿಂತಿದ್ದಾನೆ. ಕೋಳಿಯ ಮೇವಿಗೆ, ಗಂಜಿಪಿಷ್ಟದ ಕಾರ್ಖಾನೆಗೆ ಹೋಗುತ್ತಿದ್ದ ಜೋಳವು ಈಗ ಎಥನಾಲಾಗಿ ಪೆಟ್ರೋಲಿನೊಡನೆ ಬೆರೆತು ದೇಶದ ವಾಹನಗಳನ್ನು ಓಡಿಸುತ್ತಿದೆ. ಗಿರಾಕಿ ಹೆಚ್ಚಿದರೆ ಬೆಲೆ ಏರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಹಾಗಿದ್ದರೆ ಬೆಲೆ ಬಿದ್ದುದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಎಥನಾಲಿನ ಕಾರ್ಖಾನೆಯಲ್ಲಿ ಹುಡುಕುವ ಮೊದಲು, ಹಳೆಯ ಊರುಗಳ ನೆಲದೊಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ನೆಲದೊಳಗಿನ ತಾಳ್ಮೆ

ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿಯೂ ರಾಗಿಯ ಬಯಲುಸೀಮೆಯಲ್ಲಿಯೂ ಹಗೇವುಗಳಿಲ್ಲದ ಊರು ಒಂದು ಕಾಲಕ್ಕೆ ವಿರಳ. ನೀರು ಬಸಿಯದ ಗಟ್ಟಿನೆಲದಲ್ಲಿ ಆಳವಾಗಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿಬಿಟ್ಟರೆ, ಧಾನ್ಯವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಒಳಗಿನ ಗಾಳಿ ಸತ್ತು ಹುಳುವೂ ಬದುಕುತ್ತಿರಲಿಲ್ಲ. ಆದುದರಿಂದಲೇ ಹಗೇವು ತೆರೆದ ದಿನ ಯಾರೂ ಅವಸರದಿಂದ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಹಿರಿಯರ ಕಟ್ಟಳೆ.

ಹಗೇವನ್ನು ನಾವು ಬರಗಾಲದ ಬುತ್ತಿಯೆಂದಷ್ಟೇ ನೆನೆಯುತ್ತೇವೆ. ಅದಕ್ಕೆ ಇನ್ನೊಂದು ಮುಖವಿತ್ತು. ಹಗೇವುಳ್ಳ ಒಕ್ಕಲು ಸುಗ್ಗಿಯ ದಿನವೇ ಮಾರಬೇಕಾದ ಕಟ್ಟಿಗೆ ಸಿಕ್ಕುತ್ತಿರಲಿಲ್ಲ. ಬೆಲೆ ಸರಿಬಾರದಿದ್ದರೆ ಚಪ್ಪಡಿ ಮುಚ್ಚಿ ಸುಮ್ಮನಿರಬಹುದಿತ್ತು. ಎರಡನೆಯ ವರ್ಷವೂ ಸರಿಬಾರದಿದ್ದರೆ ಅದೇ ಜೋಳವನ್ನು ರೊಟ್ಟಿ ಬಡಿದು ಉಣ್ಣಬಹುದಿತ್ತು. ಮಾರದೆ ಇರುವ ಸ್ವಾತಂತ್ರ್ಯವೇ ಮಾರುವವನ ನಿಜವಾದ ಬಲ. ಈ ಬಲವು ಎಲ್ಲರಿಗೂ ಇತ್ತೆಂದಲ್ಲ. ಸಾಲಗಾರನ ಕಾಳು ಕಣದಿಂದಲೇ ಸಾಹುಕಾರನ ಮನೆಗೆ ಹೋಗುತ್ತಿತ್ತು. ಹಗೇವಿನ ಒಡೆಯರು ಹೆಚ್ಚಾಗಿ ಅನುಕೂಲಸ್ಥರೇ. ಆದರೂ ಪದ್ಧತಿಯ ತಿರುಳು ಸ್ಪಷ್ಟವಾಗಿದೆ: ಕಾಯಬಲ್ಲವನು ಬೆಲೆಯನ್ನು ಕೇಳುತ್ತಾನೆ, ಕಾಯಲಾರದವನು ಹೇಳಿದ ಬೆಲೆಗೆ ತಲೆಬಾಗುತ್ತಾನೆ.

ಮೆಕ್ಕೆಜೋಳದ ರೈತನು ಕಾಯಲಾರ. ಕೊಯ್ಲಿನ ವೇಳೆಗೆ ಕಾಳಿನಲ್ಲಿ ನೂರಕ್ಕೆ 20ಕ್ಕೂ ಮಿಕ್ಕಿ ತೇವವಿರುತ್ತದೆ. ಕೊಳ್ಳುವವನು ಕೇಳುವುದು 14. ಒಣಗಿಸುವ ಕಣವಿಲ್ಲದೆ ರಸ್ತೆಯೇ ಕಣವಾಗುತ್ತದೆ. ನಡುವೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ವಿಷ ಹುಟ್ಟುತ್ತದೆ. ಬೀಜ, ಗೊಬ್ಬರಗಳನ್ನು ಸಾಲವಾಗಿ ತಂದ ಅಂಗಡಿಯವನು ಸುಗ್ಗಿಯನ್ನೇ ಎದುರುನೋಡುತ್ತಿರುತ್ತಾನೆ. ಬೆಲೆ ಸಾಲದೆಂದು ಮನೆಗೆ ತಂದು ಉಣ್ಣೋಣವೆಂದರೆ, ಕೋಳಿಯ ಮೇವಿಗೆಂದು ಬೆಳೆದ ಆ ಸಂಕರ ತಳಿಯ ಕಾಳಿನಿಂದ ಮನೆಯ ಒಲೆಗೆ ಹೆಚ್ಚಿನ ಪ್ರಯೋಜನವಿಲ್ಲ. ಬಿಳಿಜೋಳ, ರಾಗಿ, ನವಣೆಗಳಿದ್ದ ಹೊಲಕ್ಕೆ ಈ ಬೆಳೆ ಬಂದಾಗ ಇಳುವರಿ ಹೆಚ್ಚಿತು, ಕೈಯಲ್ಲಿ ಹಣವಾಡಿತು, ಅದನ್ನು ಮರೆಯಲಾಗದು. ಆದರೆ ಅದರೊಡನೆ ಹಗೇವಿನ ಬಾಯಿ ಶಾಶ್ವತವಾಗಿ ಮುಚ್ಚಿತು.

ಕರವಸ್ತ್ರದಿಂದ ಕಂಪ್ಯೂಟರಿನವರೆಗೆ

ಕಾಯಲಾರದವನನ್ನು ಪೇಟೆಯಲ್ಲಿ ಕಾಪಾಡಬೇಕೆಂಬ ವಿಚಾರವು ಹೊಸದಲ್ಲ. ಹಿಂದೆ ದಲಾಲಿಯೂ ವರ್ತಕನೂ ಕರವಸ್ತ್ರದ ಕೆಳಗೆ ಪರಸ್ಪರ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಕಾಳಿನ ಒಡೆಯ ಪಕ್ಕದಲ್ಲಿಯೇ ನಿಂತಿದ್ದರೂ ತನ್ನ ಕಾಳಿನ ಬೆಲೆ ಎಷ್ಟೆಂಬುದನ್ನು ಕೊನೆಯಲ್ಲಿ ತಿಳಿಯುತ್ತಿದ್ದ. ಅದರ ಮೇಲೆ ಧೂಳಿಗೆಂದು, ತೇವಕ್ಕೆಂದು, ಹಮಾಲರಿಗೆಂದು, ಧರ್ಮಕ್ಕೆಂದು ಕಡಿತ. 1928ರಲ್ಲಿ ವರದಿಯೊಪ್ಪಿಸಿದ ಕೃಷಿಯ ರಾಯಲ್ ಕಮಿಷನ್ ಈ ಬಗೆಯ ಅನ್ಯಾಯಗಳನ್ನು ಎತ್ತಿ ತೋರಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ನಮ್ಮ ರಾಜ್ಯದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಬಹಿರಂಗ ಹರಾಜು, ಸರಿಯಾದ ತೂಕ, ನಿಗದಿಯಾದ ಶುಲ್ಕ ಎಂಬ ಮೂರು ಆಸರೆಗಳನ್ನು ಕೊಟ್ಟಿತು. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೆರೆದು ಹರಾಜನ್ನು ಕಂಪ್ಯೂಟರಿಗೆ ಏರಿಸಿತು. ದೇಶದ ಇ-ನಾಮ್ ವ್ಯವಸ್ಥೆ ಬಂದದ್ದು ಅದರ ಎರಡು ವರ್ಷಗಳ ತರುವಾಯ.

ಇವೆಲ್ಲ ಒಳ್ಳೆಯ ಸುಧಾರಣೆಗಳೇ. ಕರವಸ್ತ್ರದ ಕೆಳಗಿದ್ದ ಬೆಲೆ ಬೆಳಕಿಗೆ ಬಂದಿತು. ಆದರೆ ಬೆಳಕಿಗೆ ಬಂದ ಬೆಲೆಯು ಒಳ್ಳೆಯ ಬೆಲೆಯೇ ಆಗಬೇಕೆಂದಿಲ್ಲ. ಸುತ್ತಲಿನ ಹತ್ತು ತಾಲ್ಲೂಕುಗಳ ಕಾಳು ಒಂದೇ ವಾರದಲ್ಲಿ ಒಂದೇ ಪ್ರಾಂಗಣಕ್ಕೆ ಬಂದು ಬಿದ್ದಾಗ, ಹರಾಜು ಎಷ್ಟೇ ನ್ಯಾಯವಾಗಿ ನಡೆದರೂ ಅದು ರೈತನ ಇಕ್ಕಟ್ಟನ್ನು ನ್ಯಾಯವಾಗಿ ಅಳೆದು ತೋರಿಸಬಲ್ಲುದೇ ಹೊರತು ಆ ಇಕ್ಕಟ್ಟನ್ನು ಬಿಡಿಸಲಾರದು. ಬೆಂಬಲ ಬೆಲೆಯ ಮಾತೂ ಹೀಗೆಯೇ. ಭತ್ತ, ಗೋಧಿಗಳನ್ನು ಸರಕಾರವು ಪಡಿತರಕ್ಕಾಗಿ ತಾನೇ ಕೊಳ್ಳುತ್ತದೆ. ಆದುದರಿಂದ ಪಂಜಾಬ್, ಹರಿಯಾಣಗಳಲ್ಲಿ ಆ ಬೆಲೆಗೆ ಅರ್ಥವಿದೆ. ಮೆಕ್ಕೆಜೋಳಕ್ಕೆ ಪಡಿತರದ ಅಂಗಡಿಯಲ್ಲಿ ಸ್ಥಾನವಿಲ್ಲ. ಕೊಳ್ಳುವ ಕೈ ಇಲ್ಲದ ಬೆಂಬಲ ಬೆಲೆ, ಗೋಡೆಯ ಮೇಲೆ ಬರೆದ ದೀಪದಂತೆ.

ಹೊಸ ಗಿರಾಕಿ

ಇಂಥ ಪೇಟೆಗೆ ಎಥನಾಲು ಬಂದಿತು. ಹಾಗೆ ನೋಡಿದರೆ ವಾಹನಕ್ಕೆ ಮದ್ಯಸಾರವನ್ನು ಉಣಿಸುವ ಯೋಚನೆ ನಮಗೆ ಅಪರಿಚಿತವಲ್ಲ. 1948ರಷ್ಟು ಹಿಂದೆಯೇ ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕಾಗಿ ದೇಶದಲ್ಲಿ ಒಂದು ಕಾಯಿದೆ ಆಗಿತ್ತು. ಆಮೇಲೆ ಅಗ್ಗದ ತೈಲದ ದಿನಗಳಲ್ಲಿ ಅದು ಮೂಲೆಗೆ ಬಿದ್ದಿತು. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ ಐದು ಪಾಲು ಬೆರಸುವ ಯೋಜನೆ ಮತ್ತೆ ಆರಂಭವಾದರೂ ಹತ್ತು ವರ್ಷ ಅದು ಕುಂಟುತ್ತಲೇ ನಡೆಯಿತು. 2013-14ರಲ್ಲಿಯೂ ಬೆರಕೆಯ ಪ್ರಮಾಣ ನೂರಕ್ಕೆ ಎರಡನ್ನು ಮುಟ್ಟಿರಲಿಲ್ಲ. ಅಲ್ಲಿಯವರೆಗೆ ಎಥನಾಲೆಂದರೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದುದೇ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಕಬ್ಬಿನ ರಸಕ್ಕೆ, ಕೆಟ್ಟ ಧಾನ್ಯಕ್ಕೆ, ಮೆಕ್ಕೆಜೋಳಕ್ಕೆ, ಹೆಚ್ಚುವರಿಯೆಂದು ಸಮಿತಿಯೊಂದು ಒಪ್ಪಿದ ಆಹಾರಧಾನ್ಯಕ್ಕೂ ಬಾಗಿಲು ತೆರೆಯಿತು. 2022ರ ಜೂನ್ ತಿಂಗಳಲ್ಲಿ ಬೆರಕೆ ನೂರಕ್ಕೆ 10 ಆಯಿತು. 2030ಕ್ಕೆಂದಿದ್ದ ನೂರಕ್ಕೆ 20ರ ಗುರಿ 2025ರಲ್ಲಿಯೇ ಕೈಗೂಡಿತು.

ಈ ಓಟದ ನಡುವೆ ಒಂದು ತಿರುವು ಬಂದಿತು. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆಯ ಅಭಾವವಾದೀತೆಂಬ ಭಯ ಹುಟ್ಟಿದಾಗ, ಆ ಡಿಸೆಂಬರಿನಲ್ಲಿ ಕೇಂದ್ರವು ಕಬ್ಬಿನ ರಸದಿಂದ ಎಥನಾಲು ತೆಗೆಯುವುದನ್ನು ತಡೆಯಿತು. ಕಬ್ಬು ಹಿಂದೆ ಸರಿದ ಜಾಗಕ್ಕೆ ಜೋಳ ಬರಬೇಕಾಯಿತು. ಅದಕ್ಕಾಗಿ ಮೆಕ್ಕೆಜೋಳದ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆಯೆಂದು ಬೆಲೆ ಕಟ್ಟಿದರು. ಉಳಿದ ಮೂಲಗಳ ಎಥನಾಲಿಗಿಂತ ಅದು ಹೆಚ್ಚು. 2023-24ರಲ್ಲಿ ಧಾನ್ಯದ ಎಥನಾಲು ಕಬ್ಬಿನ ಎಥನಾಲನ್ನು ಮೀರಿಸಿತು. ಜೋಳವನ್ನು ಹೊರದೇಶಕ್ಕೆ ಮಾರುತ್ತಿದ್ದ ದೇಶ, 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಜೋಳವನ್ನು ತರಿಸಿಕೊಂಡಿತು. ಕೋಳಿ ಸಾಕುವವರು ಮೇವು ತುಟ್ಟಿಯಾಯಿತೆಂದು ದೂರಿದರು. ಬೆಳೆದವನಿಗೆ ಮಾತ್ರ ಅದು ಅಪರೂಪದ ಒಳ್ಳೆಯ ವರ್ಷ.

ಆ ಒಳ್ಳೆಯ ವರ್ಷದಲ್ಲಿಯೇ ಮುಂದಿನ ವರ್ಷದ ಬೀಜವಿತ್ತು.

ಜೇಡರಬಲೆ

1938ರಲ್ಲಿ ಮಾರ್ಡೆಕೈ ಎಝೆಕಿಯಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ‘ಜೇಡರಬಲೆಯ ಸೂತ್ರ’ವೆಂಬ ಪ್ರಸಿದ್ಧ ಲೇಖನವನ್ನು ಬರೆದನು. ರೈತನು ಬಿತ್ತುವುದು ಈ ವರ್ಷದ ಬೆಲೆಯನ್ನು ನೋಡಿ. ಮಾರುವುದು ಮುಂದಿನ ಸುಗ್ಗಿಯ ಬೆಲೆಗೆ. ಬೆಲೆ ಏರಿದಾಗ ಎಲ್ಲರೂ ಬಿತ್ತುತ್ತಾರೆ, ಬೆಳೆ ಹೆಚ್ಚಿ ಬೆಲೆ ಬೀಳುತ್ತದೆ. ಬಿದ್ದಾಗ ಎಲ್ಲರೂ ಬಿಡುತ್ತಾರೆ, ಬೆಳೆ ತಗ್ಗಿ ಬೆಲೆ ಏರುತ್ತದೆ. ಈ ಏರಿಳಿತವನ್ನು ಕಾಗದದ ಮೇಲೆ ಎಳೆದರೆ ಬಲೆಯ ಆಕಾರ ಬರುತ್ತದೆ. ನಮ್ಮ ಹಳ್ಳಿಯ ಗಾದೆಯೂ ಈ ಸೂತ್ರವೂ ಹೇಳುವುದು ಒಂದೇ ಮಾತನ್ನು. 2025ರಲ್ಲಿ ಮಳೆಯೂ ಕೂಡಿಬಂದು ಕರ್ನಾಟಕದಲ್ಲಿ 17.94 ಲಕ್ಷ ಹೆಕ್ಟೇರಿನಲ್ಲಿ ಮೆಕ್ಕೆಜೋಳ ನಿಂತಿತು. ಬರಬಹುದಾದ ಫಸಲು 54 ಲಕ್ಷ ಟನ್ನಿಗೂ ಮಿಕ್ಕಿದ್ದೆಂದು ರಾಜ್ಯವು ಅಂದಾಜಿಸಿತು.

ಅಷ್ಟರಲ್ಲಿ ಗಿರಾಕಿಯ ಮನಸ್ಸೂ ಬದಲಾಗಿತ್ತು. ಸರಕಾರದ ಉಗ್ರಾಣಗಳಲ್ಲಿ ಅಕ್ಕಿ ತುಂಬಿ ತುಳುಕುತ್ತಿದ್ದುದರಿಂದ 2025ರ ಜನವರಿಯಲ್ಲಿ ಅದನ್ನು ಕ್ವಿಂಟಲಿಗೆ 2,250 ರೂಪಾಯಿಯಂತೆ ಎಥನಾಲಿನ ಕಾರ್ಖಾನೆಗಳಿಗೆ ಕೊಡಲು ನಿಶ್ಚಯವಾಯಿತು. ಕಬ್ಬಿನ ರಸದ ಮೇಲಿನ ತಡೆ 2024ರಲ್ಲಿಯೇ ಹೋಗಿತ್ತು. ಹೀಗೆ ಒಂದು ಬಾಗಿಲಿನಿಂದ ಕಬ್ಬು, ಇನ್ನೊಂದರಿಂದ ಅಕ್ಕಿ ಒಳಗೆ ಬಂದಾಗ, ಮೂರನೆಯ ಬಾಗಿಲಿನ ಮುಂದೆ ಜೋಳದ ಗಾಡಿಗಳು ಸಾಲುಗಟ್ಟಿ ನಿಂತವು. ಕಾರ್ಖಾನೆಗಳೂ ತಮಗೆ ಇಷ್ಟಬಂದಷ್ಟು ಎಥನಾಲು ಮಾರುವಂತಿಲ್ಲ. ತೈಲ ಕಂಪನಿಗಳು ಹಂಚಿಕೊಟ್ಟ ಪ್ರಮಾಣಕ್ಕೆ ಸರಿಯಾಗಿ ಕೊಳ್ಳುತ್ತವೆ. ಈ ಗಿರಾಕಿಯ ಹಸಿವು ಹೊಟ್ಟೆಯಿಂದ ಹುಟ್ಟಿದ್ದಲ್ಲ, ದೆಹಲಿಯ ಆದೇಶದಿಂದ ಹುಟ್ಟಿದ್ದು. ಆದೇಶ ಬದಲಾದ ದಿನ ಹಸಿವೂ ಬದಲಾಗುತ್ತದೆ. ಹೊಲದಲ್ಲಿ ನಿಂತ ಬೆಳೆಯನ್ನು ಆ ವೇಗದಲ್ಲಿ ಬದಲಾಯಿಸುವುದು ಯಾವ ಒಕ್ಕಲಿಗನಿಗೂ ಸಾಧ್ಯವಿಲ್ಲ.

ಒಂದು ಕ್ವಿಂಟಲಿನ ಲೆಕ್ಕ

ವಿದ್ಯಾರ್ಥಿಗಳಿಗೆ ಉಪಯೋಗವಾಗುವಂತೆ ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲು ದೊರೆಯುತ್ತದೆ. ಲೀಟರಿಗೆ 71.86 ರೂಪಾಯಿಯಂತೆ ಅದರ ಬೆಲೆ 2,730 ರೂಪಾಯಿ. ಬಟ್ಟಿಯಿಳಿಸಿದ ಮೇಲೆ ಉಳಿಯುವ, ಸಸಾರಜನಕ ತುಂಬಿದ ಒಣ ಹಿಂಡಿ ಸುಮಾರು 30 ಕಿಲೊ. ಅದು ದನಕ್ಕೂ ಕೋಳಿಗೂ ಮೇವಾಗಿ ಮಾರಾಟವಾಗುತ್ತದೆ. ಕಾರ್ಖಾನೆಯು ಜೋಳವನ್ನು 2,400 ರೂಪಾಯಿಗೆ ಕೊಂಡರೆ ಉಳಿಯುವುದು 330 ರೂಪಾಯಿ ಮತ್ತು ಹಿಂಡಿಯ ಹಣ. ಇದರಿಂದಲೇ ಕಲ್ಲಿದ್ದಲು, ಕೂಲಿ, ಬಡ್ಡಿಗಳೆಲ್ಲ ನಡೆಯಬೇಕು. ಅದೇ ಜೋಳ 1,700ಕ್ಕೆ ಸಿಕ್ಕಿದರೆ ಉಳಿಯುವುದು 1,030 ರೂಪಾಯಿ ಮತ್ತು ಹಿಂಡಿಯ ಹಣ. ಎಥನಾಲಿನ ಬೆಲೆ ಒಂದು ಪೈಸೆಯೂ ಅಲುಗಿಲ್ಲ. ಹೊಲದ ಕಡೆಯಿಂದ 700 ರೂಪಾಯಿ ಮಾತ್ರ ಕೈಬದಲಾಯಿಸಿದೆ. ಅದೆಲ್ಲವೂ ಕಾರ್ಖಾನೆಯ ಗಂಟಾಯಿತೆಂದು ಹೇಳಲಾಗದು. ನಡುವಣ ವರ್ತಕನಿದ್ದಾನೆ, ಸಾಗಣೆಯಿದೆ, ತೇವದ ಕಡಿತವಿದೆ. ಆದರೆ ಸರಪಳಿಯ ಯಾವ ಕೊಂಡಿ ಸಡಿಲವಾಗಿದೆಯೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಎಥನಾಲಿನ ತುದಿಯನ್ನು ಗೂಟಕ್ಕೆ ಭದ್ರವಾಗಿ ಬಿಗಿದಿದ್ದಾರೆ; ಜೋಳದ ತುದಿಯನ್ನು ಗಾಳಿಗೆ ಬಿಟ್ಟಿದ್ದಾರೆ.

ಆ ಒಣ ಹಿಂಡಿಯ ಪ್ರಭಾವ ಜೋಳದ ಹೊಲದ ಆಚೆಗೂ ಹರಡಿದೆ. ಮೇವಿನ ಪೇಟೆಯಲ್ಲಿ ಅದು ಸೋಯಾ ಹಿಂಡಿಗಿಂತ ಅಗ್ಗ. ಅದರ ಪೈಪೋಟಿಯಿಂದ ಸೋಯಾ ಹಿಂಡಿಯ ಬೇಡಿಕೆ ತಗ್ಗಿತು. 2024ರ ಸುಗ್ಗಿಯಲ್ಲಿ ಸೋಯಾ ಅವರೆಯ ಪೇಟೆಯ ಬೆಲೆಯು 4,892 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದುದಕ್ಕೆ ಇದೂ ಒಂದು ಕಾರಣ. ದಾವಣಗೆರೆಯ ಜೋಳ ಕಾರಿಗೆ ಹೋದರೆ ಬೀದರಿನ ಸೋಯಾ ರೈತನ ಜೇಬಿಗೆ ಏಕೆ ಕತ್ತರಿ ಬೀಳಬೇಕೆಂದು ಯಾರಿಗಾದರೂ ಅಚ್ಚರಿಯಾಗಬಹುದು. ಧಾನ್ಯದ ಪೇಟೆಯಲ್ಲಿ ಒಂದು ಎಳೆಯನ್ನು ಎಳೆದರೆ ಇನ್ನೆಲ್ಲಿಯೋ ನೆರಿಗೆ ಬೀಳುತ್ತದೆ.

ಬದುವಿನ ಮರ

ಇಂಧನದ ಬೆಳೆಯ ವಿಷಯದಲ್ಲಿ ನಾವು ಪೆಟ್ಟು ತಿಂದುದು ಇದೇ ಮೊದಲಲ್ಲ. 2003ರ ಸುಮಾರಿಗೆ, ಹಳ್ಳಿಗರು ಕಾಡುಹರಳು ಎನ್ನುವ ಜಟ್ರೋಫಾ ಗಿಡದ ಎಣ್ಣೆಯಿಂದ ಡೀಸೆಲ್ ಮಾಡಬೇಕೆಂದು, ಒಂದು ಕೋಟಿ ಹೆಕ್ಟೇರಿಗೂ ಮೀರಿದ ನೆಲದಲ್ಲಿ ಅದನ್ನು ಬೆಳೆಸುವ ಯೋಜನೆಯನ್ನು ದೇಶವು ಹಾಕಿಕೊಂಡಿತ್ತು. ಬಂಜರು ನೆಲದಲ್ಲಿ, ನೀರಿಲ್ಲದೆ, ಆರೈಕೆಯಿಲ್ಲದೆ ಬೆಳೆಯುವ ಗಿಡವೆಂದು ಅದನ್ನು ಹೊಗಳಿದರು. ನೀರಿಲ್ಲದೆ ಗಿಡ ಬದುಕಿತು, ನಿಜ. ಕಾಯಿ ಮಾತ್ರ ಬಿಡಲಿಲ್ಲ. ಅಷ್ಟಿಷ್ಟು ಬಿಟ್ಟಲ್ಲಿ ಕೊಳ್ಳುವವನು ಬರಲಿಲ್ಲ. ದನವೂ ಮೂಸದ ಆ ಗಿಡವನ್ನು ನಂಬಿದವರು ಕೊನೆಗೆ ಕಿತ್ತುಹಾಕಿದರು.

ಇದಕ್ಕೆ ಪ್ರತಿಯಾಗಿ ಹೊಂಗೆಯನ್ನು ನೋಡಬೇಕು. ಹೊಂಗೆಯೆಣ್ಣೆಯ ದೀಪ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅದರ ಹಿಂಡಿ ಹೊಲಕ್ಕೆ ಗೊಬ್ಬರ, ಸೊಪ್ಪು ಗದ್ದೆಗೆ ಹಸಿರೆಲೆ, ನೆರಳು ದಾರಿಹೋಕನಿಗೆ. 2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆ ಮೊದಲಾದವನ್ನು ಹೊಲದಲ್ಲಲ್ಲ, ಹೊಲದ ಬದುವಿನಲ್ಲಿ ಬೆಳೆಸುವ ದಾರಿಯನ್ನು ತೋರಿತು. ಇದರಿಂದ ದೇಶದ ತೈಲದ ಹಸಿವು ಹಿಂಗುವುದೆಂದು ಯಾರೂ ಭ್ರಮಿಸಬೇಕಾಗಿಲ್ಲ; ಇದರ ಪ್ರಮಾಣ ಚಿಕ್ಕದು. ಆದರೆ ಇದರಲ್ಲಿರುವ ವಿವೇಕ ದೊಡ್ಡದು. ಬದುವಿನ ಬೀಜಕ್ಕೆ ಬೆಲೆ ಬಿದ್ದ ವರ್ಷ ರೈತನು ಅದನ್ನು ಆಯದೆ ಬಿಡಬಹುದು. ಅವನ ಹೊಲದಲ್ಲಿ ರಾಗಿ ಇದ್ದೇ ಇರುತ್ತದೆ. ಮಾರದೆ ಇರುವ ಸ್ವಾತಂತ್ರ್ಯ, ಎಂದರೆ ಹಗೇವಿನ ಸ್ವಾತಂತ್ರ್ಯ, ಅಲ್ಲಿ ಉಳಿದಿದೆ.

ಕಾಯುವ ಬಲ

ಎಥನಾಲು ಬೇಡವೆಂಬುದು ಈ ಬರಹದ ತಾತ್ಪರ್ಯವಲ್ಲ. ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚನ್ನು ಹೊರಗಿನಿಂದ ಕೊಳ್ಳುವ ದೇಶ, ಆ ಹಣದಲ್ಲಿ ಒಂದು ಪಾಲಾದರೂ ತನ್ನ ಒಕ್ಕಲಿಗನಿಗೆ ಹೋಗಲೆಂದು ಬಯಸುವುದು ಒಳ್ಳೆಯದೇ. ಅನ್ನದ ಕಾಳನ್ನು ಉರಿಸುವುದು ಸರಿಯೇ ಎಂಬ ಧರ್ಮಸಂಕಟವೂ ಹಗುರವಾದುದಲ್ಲ; 2007ರಲ್ಲಿ ಮೆಕ್ಸಿಕೊ ನಗರದ ಜನ ಜೋಳದ ರೊಟ್ಟಿ ತುಟ್ಟಿಯಾಯಿತೆಂದು ಬೀದಿಗಿಳಿದಾಗ, ಅಮೆರಿಕದ ಎಥನಾಲಿನ ಕಡೆಗೆ ಬೆರಳು ತೋರಿದವರು ಹಲವರು. ಆದರೆ ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಇನ್ನೂ ಸರಳವಾದುದು. ರೈತನ ಹೆಸರಿನಲ್ಲಿ ಕಟ್ಟಿದ ಪೇಟೆಯಲ್ಲಿ ರೈತನಿಗೆ ಕಾಯುವ ಬಲ ಇದೆಯೇ?

ಆ ಬಲವನ್ನು ಮರಳಿ ಕಟ್ಟುವ ದಾರಿಗಳು ಅಜ್ಞಾತವಾಗಿಲ್ಲ. ಊರಿಗೊಂದು ಒಣಗಿಸುವ ಕಣ ಅಥವಾ ಯಂತ್ರ ಬೇಕು. ತೇವ 14ಕ್ಕೆ ಇಳಿದ ಕಾಳು ಯಾರ ಅವಸರಕ್ಕೂ ಸಿಕ್ಕುವುದಿಲ್ಲ. ಉಗ್ರಾಣದಲ್ಲಿಟ್ಟ ಕಾಳಿನ ರಶೀತಿಯ ಮೇಲೆ ಸಾಲ ಪಡೆಯಲು 2007ರ ಉಗ್ರಾಣ ಕಾಯಿದೆ ಅವಕಾಶ ಕೊಟ್ಟಿದೆ. ಆ ಉಗ್ರಾಣವು ಹೋಬಳಿಯ ಮಟ್ಟಕ್ಕೆ ಇಳಿದು ಬಂದರೆ ಅದೇ ನಮ್ಮ ಕಾಲದ ಹಗೇವು. ಎಥನಾಲಿಗೆ ಕಟ್ಟಿದ ಬೆಲೆಯೊಡನೆಯೇ, ಆ ಬೆಲೆಯನ್ನು ಪಡೆಯುವ ಕಾರ್ಖಾನೆ ಜೋಳಕ್ಕೆ ಇಷ್ಟು ಕೊಡತಕ್ಕದ್ದೆಂಬ ಕರಾರನ್ನೂ ಕಟ್ಟಬಹುದು. ಕಬ್ಬಿಗೆ ಅಂಥ ಕಟ್ಟುಪಾಡು ಬಹುಕಾಲದಿಂದ ಇದೆ. ಎಲ್ಲಕ್ಕಿಂತ ಮಿಗಿಲಾದುದು ಒಡೆತನ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಜೋಳದ ರೈತರೇ ಷೇರು ಹಾಕಿ ಎಥನಾಲಿನ ಕಾರ್ಖಾನೆಗಳನ್ನು ಕಟ್ಟಿಕೊಂಡರು. ಕಾಳಿನ ಬೆಲೆ ಬಿದ್ದ ವರ್ಷ ಕಾರ್ಖಾನೆಯ ಲಾಭ ಏರುತ್ತದೆ. ಒಂದು ಜೇಬಿನಲ್ಲಿ ಕಳೆದುದು ಇನ್ನೊಂದು ಜೇಬಿಗಾದರೂ ಬರುತ್ತದೆ. ಮಹಾರಾಷ್ಟ್ರದ ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರೂ ಕಬ್ಬಿನ ರೈತರನ್ನು ಕೂಡಿಸಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆಯ ತತ್ತ್ವವೂ ಇದೇ. ಅಂಥ ಸಂಸ್ಥೆಗಳಲ್ಲಿ ಹಲವು ಮುಂದೆ ರಾಜಕೀಯದ ಕೈಗೆ ಸಿಕ್ಕಿ ಸೊರಗಿದವು. ಆದರೆ ಕೆಟ್ಟದ್ದು ಅವುಗಳ ಆಡಳಿತ. ತತ್ತ್ವವು ಇನ್ನೂ ಗಟ್ಟಿಯಾಗಿದೆ.

ಈ ಪಾಠವನ್ನು ಕಲಿಯಲು ನಾವು ಮಿನೆಸೋಟದವರೆಗೆ ಹೋಗಬೇಕಾಗಿಯೂ ಇಲ್ಲ. 2025ರಲ್ಲಿ ಮೆಕ್ಕೆಜೋಳದ ರೈತರು ಧರಣಿ ಕುಳಿತ ಅದೇ ಗದಗ ಜಿಲ್ಲೆಯಲ್ಲಿ ಕಣಗಿನಹಾಳವೆಂಬ ಊರಿದೆ. 1905ರಲ್ಲಿ ಅಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಒಟ್ಟುಗೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಲದ ಕುಣಿಕೆಯನ್ನು ಒಬ್ಬೊಬ್ಬನೇ ಬಿಚ್ಚಿಕೊಳ್ಳಲಾರನೆಂದೂ, ಕೂಡಿದರೆ ಬಿಚ್ಚಬಹುದೆಂದೂ ಅವರು ಕಂಡುಕೊಂಡರು. ಬಡ್ಡಿಯ ವಿಷಯದಲ್ಲಿ ಅಂದು ಕಂಡ ಮಾತನ್ನು ಬೆಲೆಯ ವಿಷಯದಲ್ಲಿ ಇಂದು ಕಾಣಬೇಕಾಗಿದೆ. ಹೆದ್ದಾರಿಯ ಮಗ್ಗುಲಲ್ಲಿ ಕಾಳಿಗೆ ಕಾವಲಾಗಿ ಮಲಗಿದವನು ಈಗ ಕಾಯುತ್ತಿರುವುದು ಮಳೆ ಬಾರದಿರಲೆಂದು. ಅವನು ಬೆಲೆ ಬರುವವರೆಗೆ ತನ್ನ ಮನೆಯಲ್ಲಿ ನೆಮ್ಮದಿಯಿಂದ ಕಾಯುವಂತಾದ ದಿನ, ಅವನ ಜೋಳ ರೊಟ್ಟಿಯಾದರೇನು, ಮೇವಾದರೇನು, ಕಾರಿನ ಇಂಧನವಾದರೇನು, ಬೆಲೆ ಕೇಳುವ ಮಾತು ಅವನದೇ ಆಗಿರುತ್ತದೆ.